ಮಂದೆಗೆ ಸರದಿ ಹಾಕಿದ ವರ್ಷ

ನಮ್ಮೂರಲ್ಲಿ ಈಗ ಯಾರನ್ನು ಕೇಳಿದರೂ ಒಂದೇ ಕತೆ: ಕುರಿಯವರು ಮಾತಿಗೆ ತಪ್ಪಿದರು. ಯಗಟಿಯಿಂದ ಕಡೂರಿಗೆ ಹೋಗುವ ಬಸ್ಸಿನಲ್ಲಿ ಇದೇ ಮಾತು, ಹಾಲಿನ ಡೇರಿಯ ಮುಂದೆಯೂ ಇದೇ. "ಊರಿಗೂರೇ ಒಂದಾಗಿ ಒಳ್ಳೆ ಕೆಲ್ಸ ಮಾಡಕ್ಕೆ ಹೊಂಟಿತ್ತು ಕಣ್ರೀ, ಆ ಅಲೆಮಾರಿ ನನ್ಮಕ್ಕಳು ಹಾಳ್ಮಾಡಿದ್ರು" ಎಂದು ಶುರುವಾಗುತ್ತದೆ. ನಡುವೆ ನಮ್ಮ ದೊಡ್ಡಪ್ಪನ ಒಳ್ಳೆಯತನದ ವರ್ಣನೆ ಬರುತ್ತದೆ. ಕೊನೆಗೆ "ಊರಿಲ್ಲದೋರನ್ನ ನಂಬಬಾರದು" ಎಂದು ಮುಗಿಯುತ್ತದೆ. ಸರಿ, ಒಪ್ಪೋಣ. ಮಾತಿಗೆ ತಪ್ಪಬೇಕಾದರೆ ಮೊದಲು ಮಾತು ಕೊಟ್ಟಿರಬೇಕು. ಅವರು ಯಾವ ಮಾತನ್ನು, ಯಾರಿಗೆ ಕೊಟ್ಟಿದ್ದರು?

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಓಡಾಡುತ್ತಿದ್ದ ಕಾಲದಲ್ಲಿ ನನಗೆ ಅಂಟಿದ ರೋಗ ಇದು. ತೀರ್ಪು ಎಲ್ಲರ ಬಾಯಲ್ಲೂ ಒಂದೇ ಥರ ಬರುತ್ತಿದ್ದರೆ, ವಾದ ನಡೆದೇ ಇಲ್ಲ ಎಂದು ಅನುಮಾನ ಬರುತ್ತದೆ. ಈಗ ಕಡೂರಿನಲ್ಲಿ ಹಿರಿಯ ವಕೀಲರೊಬ್ಬರ ಬಳಿ ಕೆಲಸ ಕಲಿಯುತ್ತಿದ್ದೇನೆ, ಸಂಜೆ ಬಸ್ಸಿಗೆ ಊರಿಗೆ ಬರುತ್ತೇನೆ. ರೋಗ ವಾಸಿಯಾಗಿಲ್ಲ. ಮನೆಯಲ್ಲಿ ಅದಕ್ಕೆ ಎದುರುಮಾತು ಅನ್ನುತ್ತಾರೆ.

ಊರಿನ ಕತೆಯಲ್ಲಿ ಅತ್ತೆಯ ಪ್ರಸ್ತಾಪ ಬರುವುದು ಒಂದೇ ಕಡೆ, "ಪಾಪ" ಎಂಬ ಮಾತಿನ ಜೊತೆ. ಅತ್ತೆ ಅಂದರೆ ಅಪ್ಪನ ತಂಗಿ. ಮಾವ ತೀರಿಕೊಂಡ ಮೇಲೆ ತವರೂರಿಗೆ ಬಂದು, ತನ್ನ ಪಾಲಿಗೆ ಬಂದ ಕೆಂಪುಮಣ್ಣಿನ ಇಳಿಜಾರು ಹೊಲದಲ್ಲಿ ರಾಗಿ, ಹುರುಳಿ ಬೆಳೆಯುತ್ತಾಳೆ. ಮಕ್ಕಳಿಲ್ಲ. ಅಣ್ಣಂದಿರ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ, ಆದರೂ ಬೇರೆ ಒಲೆ ಹೂಡಿದ್ದಾಳೆ. ಆ ಹೊಲ ತೆಳುಮಣ್ಣು. ಬೇಸಿಗೆಗೆ ಮುಂಚೆ ಒಮ್ಮೆ ಕುರಿಮಂದೆ ಅಲ್ಲಿ ಮಲಗಿ ಹಿಕ್ಕೆ, ಗಂಜಲ ಬೀಳದಿದ್ದರೆ ಮುಂಗಾರಿನ ರಾಗಿ ಮೊಳಕಾಲೆತ್ತರ ದಾಟುವುದಿಲ್ಲ. ಹಾಗಾದರೆ ಹೊಲವನ್ನು ಪಕ್ಕದವರಿಗೆ ವಾರಕ್ಕೆ ಕೊಡಬೇಕು. ಅವರು ಬೆಳೆದು ಅರ್ಧ ಕೊಡುತ್ತಾರೆ, ಇವಳು ಮನೆಯಲ್ಲಿ ಕೂತು ತಿನ್ನಬೇಕು. "ಕೂತು ತಿನ್ನಾಕೆ ನನಗೇನು ರೋಗ ಬಂದೈತಾ" ಎಂದು ಅವಳು ಕೇಳುತ್ತಾಳೆ. ಈ ವರ್ಷ ಪಣಕ್ಕೆ ಬಿದ್ದದ್ದು ಅದೇ.

ಹಳೆಯ ಪದ್ಧತಿ ಹೇಗಿತ್ತು ಎಂದು ಹೇಳಬೇಕು. ರಾಗಿ ಕೊಯ್ಲು ಮುಗಿಯುವ ಹೊತ್ತಿಗೆ ಹಿರಿಯೂರಿನ ಕಡೆಯಿಂದ ಮಂದೆಗಳು ಹೊರಡುತ್ತವೆ. ಅಜ್ಜಂಪುರ ಹಾದು, ತರೀಕೆರೆ ಸೀಮೆಯ ಬತ್ತದ ಕೂಳೆಗೆ ಹೋಗಿ, ಶಿವರಾತ್ರಿಯ ಸುಮಾರಿಗೆ ಅದೇ ದಾರಿಯಲ್ಲಿ ತಿರುಗುತ್ತವೆ. ನಮ್ಮೂರು ದಾರಿಯ ಮೇಲಿದೆ. ಮಂದೆ ಬಂತೆಂದರೆ ಊರ ಮುಂದಿನ ಹುಣಸೆಮರದ ಕೆಳಗೆ ಚೌಕಾಸಿ ಶುರು. ಯಾರ ಹೊಲದಲ್ಲಿ, ಎಷ್ಟು ದಿನ, ಎಷ್ಟು ರಾಗಿಗೆ?

"ನಿನ್ ಹೊಲ್ದಾಗೆ ಮುಳ್ಳು ಬಿಟ್ರೆ ಇನ್ನೇನೈತೆ ಯಜಮಾನ?"

"ಮುಳ್ಳೈತೆ, ಮುಳ್ಳಿನ ಕೆಳಗೆ ನೆಳ್ಳೈತೆ. ನಿನ್ ಕುರಿಗೆ ನೆಳ್ಳು ಬ್ಯಾಡ್ವಾ?"

"ನೆಳ್ಳು ತೋರ್ಸಿ ರಾಗಿ ಮುರ್ಕತಾನೆ ನೋಡು. ನಿಮ್ಮಪ್ಪನೂ ಹಿಂಗೇ, ನೀನೂ ಹಿಂಗೇ."

"ನಮ್ಮಪ್ಪನ ಕಾಲ್ದಾಗೆ ನಿನ್ ಕುರಿ ದಪ್ಪಗಿದ್ವು ಬಿಡು."

ಹೀಗೆ ಬೈದಾಡಿಕೊಂಡೇ ಎಲ್ಲ ತೀರ್ಮಾನವಾಗುತ್ತಿತ್ತು. ಅದು ಚೆಂದದ ಏರ್ಪಾಡಾಗಿತ್ತು ಎಂದು ನಾನು ವಾದಿಸುವುದಿಲ್ಲ. ರಾಗಿ ಹೆಚ್ಚಿದ್ದವನು ಹೆಚ್ಚು ದಿನ ನಿಲ್ಲಿಸಿಕೊಳ್ಳುತ್ತಿದ್ದ. ಕೆರೆಯ ಹಿಂದೆ ತುಂಡು ಹೊಲವಿದ್ದ ಒಬ್ಬ ಬಡವನಿಗೆ ಎಷ್ಟೋ ವರ್ಷ ಮಂದೆಯೇ ಸಿಕ್ಕಿರಲಿಲ್ಲ. ಅತ್ತೆಯ ಹೊಲಕ್ಕೆ ಬರುತ್ತಿತ್ತು, ಆದರೆ ಕಟ್ಟಕಡೆಯಲ್ಲಿ, ಮಂದೆ ತರೀಕೆರೆಯಿಂದ ತಿರುಗಿ ಬರುವಾಗ, ಬೇರೆ ಯಾರಿಗೂ ಬೇಡವಾದ ಹೊತ್ತಿನಲ್ಲಿ.

ಇದನ್ನು ನೋಡಿ ನೋಡಿ ಸಂಕಟಪಟ್ಟವನು ದೊಡ್ಡಪ್ಪ. ಅವನು ಲಕ್ಕವಳ್ಳಿಯಲ್ಲಿ ನೀರಾವರಿ ಕೆಲಸದಲ್ಲಿದ್ದವನು. ಕಾಲುವೆಯುದ್ದಕ್ಕೂ ತಿರುಗಿ, ಯಾರ ಗದ್ದೆಗೆ ಯಾವತ್ತು ನೀರು ಎಂಬ ಸರದಿ ನೋಡಿಕೊಳ್ಳುವುದರಲ್ಲೇ ಅವನ ಆಯಸ್ಸು ಕಳೆದಿದೆ. ನಿವೃತ್ತನಾಗಿ ಊರಿಗೆ ಬಂದ. ಒಬ್ಬರಿಂದ ಒಂದು ಕಾಫಿ ಮುಟ್ಟದ ಮನುಷ್ಯ ಎಂದು ಹೆಸರು, ಅದು ನಿಜವೂ ಹೌದು. ಹೋದ ಸುಗ್ಗಿಗೆ ಮುಂಚೆ ಶಾಲೆಯ ಜಗಲಿಯ ಮೇಲೆ ಸಭೆ ಕರೆದ.

"ಕಾಲುವೇಲಿ ಮೇಲಿನೋನೇ ಎಲ್ಲ ಹೀರ್ಕೊಂಡ್ರೆ ಕೊನೆಯೋನಿಗೆ ಬರೀ ಒಣ ಕೆಸರು. ಅದಕ್ಕೇ ಸರದಿ ಮಾಡಿದ್ದು. ಸರದಿ ಬಂದ್ಮೇಲೆ ಕೊನೆ ಗದ್ದೆಗೂ ನೀರು ಹೋಯ್ತು, ನಾನೇ ಕಣ್ಣಾರೆ ನೋಡೀನಿ. ಮಂದೆಗೂ ಹಂಗೇ ಮಾಡಾನ" ಎಂದ.

ಸರ್ವೆ ನಂಬರಿನ ಪ್ರಕಾರ ಹೊಲಹೊಲಕ್ಕೂ ಸರದಿ. ಎಲ್ಲ ಹೊಲಕ್ಕೂ ಒಂದೇ ದರ, ಅದನ್ನು ಊರಿನ ಸಮಿತಿಯೇ ರಾಗಿ ಕೂಡಿಸಿ ಮಂದೆಯವರಿಗೆ ಕೊಡುವುದು. ಸರದಿಯನ್ನು ಅದಲುಬದಲು ಮಾಡುವ ಹಾಗಿಲ್ಲ. ಮಂದೆಯವರ ಹತ್ತಿರ ಯಾರೂ ಒಳಗೊಳಗೇ ಬೇರೆ ಮಾತಾಡುವ ಹಾಗಿಲ್ಲ. ಜನ ತಲೆದೂಗಿದರು. ಕೆರೆಯ ಹಿಂದಿನ ಹೊಲದವನ ಮುಖ ಅರಳಿದ್ದನ್ನು ನಾನೂ ನೋಡಿದೆ.

ನಾನು ಎದ್ದು ನಿಂತೆ. "ನೀರು ಬಿಟ್ಟ ಕಡೆ ಹರಿಯುತ್ತೆ ದೊಡ್ಡಪ್ಪ. ಮಂದೆಯೋರೂ ಹಂಗೇ ಹೋಗ್ತಾರಾ? ಅವರನ್ನ ಕೇಳಿದ್ಯಾ?"

"ಅವರಿಗೇನು ಕಷ್ಟ? ದರ ಸಿಗ್ತದೆ, ಗಂಟಲು ಹರ್ಕೊಳೋದು ತಪ್ತದೆ."

"ಹೊಲದೋರಿಗೆ? ಒಬ್ಬೊಬ್ಬರಿಗೆ ಒಂದೊಂದು ಟೈಮಿಗೆ ಬೇಕಾಗಿರುತ್ತೆ. ಅದು ಸರ್ವೆ ನಂಬರ್‌ಗೆ ಹೆಂಗೆ ಗೊತ್ತಾಗುತ್ತೆ?"

"ಅವರವರಿಗೆ ಬೇಕಾದಾಗ ಅಂದ್ರೆ ಬಲವಾದೋನು ಮೊದ್ಲು ತಿಂತಾನೆ. ಅದೇನಾ ನಿನ್ ಸ್ವಾತಂತ್ರ್ಯ? ನಿಮ್ಮತ್ತೆಗೆ ಪ್ರತಿ ವರ್ಷ ಎಲ್ಲರದ್ದೂ ಆದ್ಮೇಲೆ ಸಿಗೋದು. ಅದಕ್ಕೇನು ಹೇಳ್ತೀಯ, ಹೇಳು."

ಹಿಂದಿನಿಂದ ಯಾರೋ, "ಇದು ಕಾಲೇಜ್ ಸ್ಟೇಜಲ್ಲ ಕಣಮ್ಮ, ಬೆಲ್ ಹೊಡೆಯೋರಿಲ್ಲ, ಕೂತ್ಕೋ" ಎಂದರು. ಸಭೆ ನಕ್ಕಿತು, ನಾನು ಕೂತೆ. ಅತ್ತೆ ಹೆಂಗಸರ ಜೊತೆ ಗೋಡೆಗೆ ಒರಗಿ ಕೂತಿದ್ದಳು. ಎಲ್ಲರೂ ಅವಳ ಕಡೆ ತಿರುಗಿದಾಗ ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಂಡಳು. ಅದನ್ನು ಒಪ್ಪಿಗೆ ಎಂದು ಸಭೆ ತಿಳಿಯಿತು. ನಾನೂ ಹಾಗೆಯೇ ತಿಳಿದೆ.

ಈ ಸಲವೂ ಬಂದದ್ದು ಪ್ರತಿ ವರ್ಷ ಬರುವ ಮಂದೆಯೇ. ಮಾತುಕತೆಯೆಲ್ಲ ನಡೆಸುವವಳು ಆ ಮಂದೆಯ ಯಜಮಾನಿ, ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡಿರುವ ಗಟ್ಟಿ ಹೆಂಗಸು. ದೊಡ್ಡಪ್ಪ ಹುಣಸೆಮರದ ಕೆಳಗೆ ನಿಂತು ಸರದಿಯ ನಿಯಮಗಳನ್ನೆಲ್ಲ ಹೇಳಿದ. ಅವಳು ಕೇಳಿಸಿಕೊಂಡು, "ಊರೋರು ಹೆಂಗಂದ್ರೆ ಹಂಗೆ" ಅಂದಳು. ಊರು ಇವತ್ತು ನೆನೆಯುವ 'ಮಾತು' ಇದೇ. ಬೇರೆ ಮಾತಾಡುವುದಕ್ಕೆ ಅವಳಿಗೆ ಬಿಟ್ಟಿದ್ದಾದರೂ ಏನಿತ್ತು?

ಮೊದಲ ಹೊಲದಲ್ಲಿ ಎಲ್ಲ ಸುಸೂತ್ರ. ಎರಡನೆಯ ಹೊಲದವನು ಪಕ್ಕದ ತೆಂಗಿಗೆ ನೀರು ಬಿಟ್ಟಿದ್ದ, ನೆಲ ಜೌಗಾಗಿತ್ತು. ಕುರಿಗಳ ಗೊರಸು ಕೆಡುತ್ತದೆ, ಇದೊಂದನ್ನು ದಾಟಿ ಹೋಗುತ್ತೇವೆ ಎಂದು ಮಂದೆಯವರು ಕೇಳಿದರು. ಅದರಾಚೆಯವನಿಗೆ ಮಂದೆ ರಾಗಿ ಹೊಲಕ್ಕೆ ಬೇಡವಾಗಿತ್ತು, ತೆಂಗಿನ ತೋಟಕ್ಕೆ ಬೇಕಾಗಿತ್ತು. ಸರದಿ ಇದ್ದದ್ದು ಹೊಲಕ್ಕೆ. ಇನ್ನೊಬ್ಬನ ಅವರೆ ಇನ್ನೂ ಗಿಡದ ಮೇಲಿತ್ತು. ಎಲ್ಲರೂ ದೊಡ್ಡಪ್ಪನ ಬಳಿ ಬಂದು ಸಣ್ಣ ಸಣ್ಣ ಬದಲಾವಣೆ ಕೇಳಿದರು. ಎಲ್ಲರಿಗೂ ಒಂದೇ ಉತ್ತರ: "ಒಬ್ಬನಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕಾಯ್ತದೆ." ಈ ಮಾತು ತಪ್ಪಲ್ಲ, ಅದೇ ಕಷ್ಟ. ಒಂದು ಕಡೆ ಸಡಿಲಿಸಿದರೆ ಇಡೀ ಸರದಿ ಕಳಚಿಕೊಳ್ಳುತ್ತದೆ, ಸಡಿಲಿಸದಿದ್ದರೆ ಜೌಗಿನಲ್ಲೇ ಕುರಿ ಮಲಗಿಸಬೇಕು. ದೊಡ್ಡಪ್ಪ ದಿನಾ ಬೆಳಗ್ಗೆ ಕೋಲೂರಿಕೊಂಡು ಹೊಲಗಳನ್ನು ಸುತ್ತಿ ಬರುತ್ತಿದ್ದ, ಮಧ್ಯಾಹ್ನದ ಹೊತ್ತಿಗೆ ಮುಖ ಬಾಡಿರುತ್ತಿತ್ತು. "ಯಾರಿಗೂ ಊರಿನ ಹಿತ ಬೇಡ ಕಣೇ" ಎಂದು ನನ್ನ ಮುಂದೆ ಗೊಣಗುತ್ತಿದ್ದ.

ಇಡೀ ದೇಶಗಳನ್ನೇ ಹೀಗೆ ಸರದಿಯಲ್ಲಿ ನಿಲ್ಲಿಸಲು ಹೊರಟವರ ಬಗ್ಗೆ ನಾನು ಸ್ಪರ್ಧೆಗಳಿಗಾಗಿ ಓದಿದ್ದೆ. ವೇದಿಕೆಯ ಮೇಲೆ ನಿಂತು, ಯೋಜನೆ ಮಾಡುವವರು ದುರಾಸೆಯವರು, ಅಧಿಕಾರದ ಹುಚ್ಚಿನವರು ಎಂದು ಕೈ ಬೀಸಿ ಹೇಳಿದ್ದೆ, ಚಪ್ಪಾಳೆಯೂ ಬಿದ್ದಿತ್ತು. ಈಗ ನನ್ನ ಕಣ್ಣ ಮುಂದೆ ಇದ್ದವನಿಗೆ ದುರಾಸೆಯೂ ಇರಲಿಲ್ಲ, ಹುಚ್ಚೂ ಇರಲಿಲ್ಲ. ಅವನು ಊರಲ್ಲೇ ಅತಿ ಪ್ರಾಮಾಣಿಕ. ಹಾಗಿದ್ದೂ ಯೋಜನೆ ದಿನದಿನಕ್ಕೆ ಕುಸಿಯುತ್ತಿತ್ತು. ನನ್ನನ್ನು ಕಲಕಿದ್ದು ಅದು. ಕೆಟ್ಟವನಿಂದ ಕೆಟ್ಟರೆ ಅವನನ್ನು ಬದಲಾಯಿಸಬಹುದು. ಒಳ್ಳೆಯವನು ಮೈಮುರಿದು ದುಡಿದರೂ ಕೆಡುವುದಾದರೆ ಯಾರನ್ನು ಬದಲಾಯಿಸುವುದು? ಯಾರ ನೆಲ ಇವತ್ತು ಒದ್ದೆ, ಯಾರ ಅವರೆ ಇನ್ನೂ ಎಳೆಯದು, ಯಾವ ಕುರಿ ಇವತ್ತೋ ನಾಳೆಯೋ ಈಯುತ್ತದೆ ಎಂಬುದು ಊರಿನ ಅಷ್ಟೂ ತಲೆಗಳಲ್ಲಿ ಚೂರುಚೂರಾಗಿ ಹರಡಿರುತ್ತದೆ, ಅದೂ ದಿನಾ ಬದಲಾಗುತ್ತದೆ. ಹುಣಸೆಮರದ ಕೆಳಗಿನ ಆ ಬೈದಾಟ ಅವನ್ನೆಲ್ಲ ಒಂದು ಕಡೆ ತರುತ್ತಿತ್ತು. ಗದ್ದಲ ಎಂದು ನಾವು ನಿಲ್ಲಿಸಿದ್ದು ಅದನ್ನೇ.

ಅತ್ತೆಯ ಸರದಿ ಹತ್ತಿರ ಬಂತು. ಅವಳ ಹುರುಳಿ ಇನ್ನೂ ಹಸಿರಾಗಿತ್ತು. ಎಲ್ಲರಿಗಿಂತ ತಡವಾಗಿ ಬಿತ್ತುವುದು ಅವಳ ಪದ್ಧತಿ, ಸಂಕ್ರಾಂತಿ ಕಳೆದ ಮೇಲೆ ಕೀಳುತ್ತಾಳೆ. ಹಬ್ಬಕ್ಕೆ ಇನ್ನೂ ದಿನಗಳಿದ್ದಾಗ ದೊಡ್ಡಪ್ಪ ಅವಳ ಬಾಗಿಲಿಗೆ ಬಂದ. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ.

"ಮುಂದಿನದು ನಿಂದೇ ಕಣೇ. ಹುರುಳಿ ಕಿತ್ಬುಡು."

"ಇನ್ನೂ ಎಳೇಕಾಯಿ ಅಣ್ಣ. ಹಿಸುಕಿದ್ರೆ ನೀರು ಬರ್ತದೆ."

"ಈಗ ಬಿಟ್ರೆ ಇನ್ನು ಮುಂದಿನ್ವರ್ಷನೇ. ಕಾಳು ಹೋದ್ರೆ ಹೋಗ್ಲಿ, ಗೊಬ್ಬರ ಬೀಳ್ತದೆ." ಅವನು ಮೆಟ್ಟಿಲಿಳಿಯುತ್ತ ತಿರುಗಿ, "ನಿನಗೋಸ್ಕರನೇ ಇಷ್ಟೆಲ್ಲ ಮಾಡಿರೋದು ನಾನು" ಅಂದ.

ಅತ್ತೆ ಎರಡು ಆಳು ಕರೆದು ಹುರುಳಿ ಕೀಳಿಸಿದಳು. ನಾನೂ ಕೈ ಹಾಕಿದೆ. ಹಸಿ ಬಳ್ಳಿ ಕಿತ್ತರೆ ಬೆರಳಿಗೆ ಅಂಟು ಹತ್ತುತ್ತದೆ, ಒಣಗಿದ ಹುರುಳಿಗೆ ಹಾಗಿಲ್ಲ. ಕಣಕ್ಕೆ ಹೋಗಬೇಕಾದದ್ದು ಹಸುವಿನ ಮುಂದೆ ಬಿತ್ತು. ಹೊಲ ಬೋಳಾಯಿತು. ಮಾರನೆಯ ದಿನ ಮಂದೆ ಬರಬೇಕು.

ಬರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಅದಕ್ಕೆ ಹಿಂದಿನ ಸರದಿಯ ಹೊಲದಲ್ಲಿ ಬಲೆ ಬಿಚ್ಚಿ, ಗೂಟ ಕಿತ್ತು, ಮಂದೆ ಹೊರಟುಹೋಗಿತ್ತು. ನಿಂತಷ್ಟು ದಿನದ ರಾಗಿಯನ್ನಷ್ಟೇ ಅವರು ತೆಗೆದುಕೊಂಡಿದ್ದರು ಎಂಬುದನ್ನು ಊರಿನ ಕತೆ ಹೇಳುವುದಿಲ್ಲ. ಅವತ್ತೇ ಸಮಿತಿ ಸೇರಿತು. ಆ ಮಂದೆ ಇನ್ನು ನಮ್ಮ ಎಲ್ಲೆಯೊಳಗೆ ಕಾಲಿಡಬಾರದು, ಯಾರೂ ತಮ್ಮ ಹೊಲಕ್ಕೆ ಬಿಟ್ಟುಕೊಳ್ಳಬಾರದು ಎಂದು ತೀರ್ಮಾನವಾಯಿತು. ದೊಡ್ಡಪ್ಪನಿಗೆ ನಿಜವಾಗಿ ನೋವಾಗಿತ್ತು.

ಆ ಭಾನುವಾರ ನಾನು ಹುಡುಕಿಕೊಂಡು ಹೋದೆ. ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ಸೊಪ್ಪು ಮಾರುವವಳು, ಮಂದೆ ತರೀಕೆರೆ ದಾರಿ ಹಿಡಿದಿದೆ ಎಂದಳು. ತರೀಕೆರೆಗೆ ಮುಂಚೆಯೇ, ಕೊಯ್ದ ಗದ್ದೆಯ ಬಯಲಿನಲ್ಲಿ ಕುರಿಗಳು ಕೂಳೆ ಮೇಯುತ್ತಿದ್ದವು. ಯಜಮಾನಿ ಬದುವಿನ ಮೇಲೆ ಕೂತು ಒಂದು ಮರಿಯ ಬಾಯಿಗೆ ಹಾಲಿನ ಬಟ್ಟೆ ಹಿಡಿದಿದ್ದಳು.

"ಏನಕ್ಕಾ, ಜಗಳಕ್ಕೆ ಬಂದ್ಯಾ?"

"ಕೇಳೋಣ ಅಂತ ಬಂದೆ."

"ಕೇಳೋರು ಮೊದ್ಲೇ ಬರ್ಬೇಕಿತ್ತು." ಎಲೆಯಡಿಕೆ ಉಗಿದಳು. "ಜೌಗೈತೆ, ಒಂದ್ ಹೊಲ ದಾಟ್ತೀವಿ ಅಂದ್ವಿ. ನಿಮ್ಮೂರ ಯಜಮಾನ ಸರದಿ ಅಂದ. ಕುರಿ ಕುಂಟ್ತಾವೆ ನೋಡಯ್ಯ ಅಂದ್ವಿ. ಅದಕ್ಕೂ ಸರದಿ ಅಂದ. ಈವಯ್ಯಂಗೆ ಬ್ಯಾರೆ ಮಾತೇ ಬರಲ್ವೇನೇ ಅಂತ ನಮ್ ಯಜಮಾನ್ರು ನಗ್ತಾರೆ. ಸುಳ್ಯಾಕೆ ಹೇಳ್ಲಿ, ಇಲ್ಲಿ ಗದ್ದೆಯೋರು ಹೆಚ್ಚಿಗೆ ಕೊಡ್ತೀವಿ ಅಂತ ಫೋನೂ ಮಾಡಿದ್ರು. ಅದಕ್ಕೂ ಬಂದ್ವಿ ಅನ್ಕೋ."

ಅವಳು ದೇವತೆಯೇನಲ್ಲ, ತನ್ನ ಲಾಭ ನೋಡಿಕೊಂಡಿದ್ದಳು. ನಾನು ಹೊರಡಲು ಎದ್ದಾಗ ತಾನಾಗಿಯೇ ಕೇಳಿದಳು: "ಹುರುಳಿ ಅವ್ವ ಹೆಂಗವ್ರೆ? ಹುರುಳಿ ಒಣಗ್ತಾ? ಶಿವರಾತ್ರಿಗೆ ತಿರುಗ್ತೀವಲ್ಲ, ಅಲ್ಲೇ ಇಳ್ಕಳಾನ ಅಂತಿದ್ವಿ. ಯಾವಾಗ್ಲೂ ಹಂಗೇ ತಾನೇ."

ಯಾವಾಗಲೂ ಹೇಗೆ ಎಂದು ಕೇಳಿದೆ. ಹೋಗುವಾಗ ಎಳೆಮರಿಗಳನ್ನು, ಅವುಗಳ ತಾಯಂದಿರನ್ನು ಅತ್ತೆಯ ಕೊಟ್ಟಿಗೆಯಲ್ಲಿ ಬಿಟ್ಟು ಹೋಗುತ್ತಾರೆ. ಅತ್ತೆ ಹುರುಳಿ ಹೊಟ್ಟು, ಬದುವಿನ ಜಾಲಿಯ ಕಾಯಿ ಹಾಕಿ ಸಾಕುತ್ತಾಳೆ. ಅವರು ತಿರುಗಿ ಬರುವ ಹೊತ್ತಿಗೆ ಅವಳ ಹುರುಳಿ ಕಣ ಸೇರಿರುತ್ತದೆ, ಹೊಲ ಖಾಲಿ. ಅವಳು ಸಾಕು ಎನ್ನುವ ತನಕ ಮಂದೆ ಅಲ್ಲಿ ಮಲಗುತ್ತದೆ. ಒಂದು ಹಿಡಿ ರಾಗಿಯನ್ನೂ ಅವಳು ಕೊಡಬೇಕಾಗಿಲ್ಲ.

"ಈ ಸರ್ತಿ ಬ್ಯಾರೆ ಮಾತು ಆಡಂಗಿಲ್ಲ ಅಂದ್ರಲ್ಲ. ಮರಿಗಳನ್ನ ಹೊತ್ಕೊಂಡೇ ಬಂದ್ವಿ. ದಾರೀಲಿ ಕೆಲವು ಹೋದ್ವು" ಅಂದಳು.

ಅತ್ತೆಯ ಕೊಟ್ಟಿಗೆಯಲ್ಲಿ ಮರಿಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಎತ್ತಿ ಆಡಿಸಿದ್ದೇನೆ. ಒಂಟಿ ಹೆಂಗಸಿನ ಮಮತೆ ಎಂದುಕೊಂಡಿದ್ದೆ. ಅದು ವ್ಯವಹಾರ ಎಂದು ಹೊಳೆದಿರಲಿಲ್ಲ. ದೊಡ್ಡಪ್ಪನಿಗೂ ಹೊಳೆದಿರಲಿಲ್ಲ. ನಾವೆಲ್ಲ ಅನ್ಯಾಯ ಎಂದು ಮರುಗಿದ ಆ ಕಟ್ಟಕಡೆಯ ಜಾಗವನ್ನು ಅವಳೇ ಆರಿಸಿಕೊಂಡಿದ್ದಳು. ಹುರುಳಿಯನ್ನು ತಡವಾಗಿ ಬಿತ್ತುವುದೂ ಅದೇ ಲೆಕ್ಕದ ಒಂದು ಭಾಗ. ರಾಗಿ ಕಡಿಮೆಯಿದ್ದವಳು ತನ್ನಲ್ಲಿದ್ದದ್ದನ್ನು, ಒಂದು ಸೂರು, ಒಂದಿಷ್ಟು ಹೊಟ್ಟು, ಮನೆಯಲ್ಲೇ ಇರುವ ಪುರುಸೊತ್ತು, ಇವನ್ನು ಮಾರಿ ಬದುಕಿದ್ದಳು. ಒಂದೇ ದರ, ಬೇರೆ ಮಾತಿಲ್ಲ ಎಂದ ದಿನ ಅವಳ ಕೈಯಲ್ಲಿದ್ದ ಸರಕೆಲ್ಲ ಬೆಲೆಯಿಲ್ಲದ್ದಾಯಿತು. ಸ್ವಾತಂತ್ರ್ಯ ಬಲವಾದವನ ಆಸ್ತಿ ಎಂದು ದೊಡ್ಡಪ್ಪ ಹೇಳಿದಾಗ ನಾನು ಬಾಯಿ ಮುಚ್ಚಿದ್ದೆ. ಬಲವಾದವನು ಸರದಿಯಲ್ಲೂ ಉಳಿದುಕೊಂಡ. ರಾಗಿ ಮಾರಿ ಲಾರಿ ಗೊಬ್ಬರ ತರಿಸಿದ. ಕೆರೆಯ ಹಿಂದಿನ ಹೊಲದವನ ಸಂಕಟ ನಿಜ, ಅದಕ್ಕೆ ನನ್ನ ವಾದದಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಊರು ಅವನ ಕೈಗೆ ಒಂದಿಷ್ಟು ರಾಗಿ ಕೊಟ್ಟು ಹುಣಸೆಮರದ ಕೆಳಗೆ ಕಳಿಸಬಹುದಿತ್ತು. ಅವನೊಬ್ಬನಿಗಾಗಿ ಎಲ್ಲರ ಬಾಯಿ ಕಟ್ಟಬೇಕಿರಲಿಲ್ಲ. ಈಗ ಅವನ ಹೊಲಕ್ಕೂ ಮಂದೆ ಬಂದಿಲ್ಲ.

ಊರಿಗೆ ಬಂದು ಅತ್ತೆಯನ್ನು ಕೇಳಿದೆ, ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದು. ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಅಷ್ಟು ಜನದ ಮುಂದೆ ಅಣ್ಣ ನನಗೋಸ್ಕರ ಅಂದ್ಬುಟ್ಟ. ಬ್ಯಾಡ ಅನ್ನಕ್ಕಾಯ್ತದಾ? ನೀನು ಅಂದ್ಯಲ್ಲ, ಏನಾಯ್ತು?"

ಶಿವರಾತ್ರಿ ಹತ್ತಿರವಾಗಿದೆ. ಇವತ್ತು ಬೆಳಗ್ಗೆ ಅತ್ತೆಯ ಫೋನಿಗೆ ಯಜಮಾನಿಯ ಕರೆ ಬಂತು. ಮಂದೆ ಅಜ್ಜಂಪುರ ದಾಟಿದೆ, ನಾಳೆ ನಮ್ಮೂರ ಎಲ್ಲೆಗೆ ಬರುತ್ತದೆ. ಹುರುಳಿ ಹೋದರೂ ಹೊಲ ಖಾಲಿಯಿದೆ, ಮಂದೆ ಮಲಗಿದರೆ ಮುಂಗಾರಿಗೆ ರಾಗಿ ಏಳುತ್ತದೆ, ಹೊಲ ಅತ್ತೆಯ ಕೈಯಲ್ಲೇ ಉಳಿಯುತ್ತದೆ. ವಾರಕ್ಕೆ ಕೇಳಲು ಪಕ್ಕದ ಹೊಲದವನು ಆಗಲೇ ಒಂದು ಸಲ ಬಂದು ಹೋಗಿದ್ದಾನೆ. ಸಮಿತಿಯ ತೀರ್ಮಾನ ಮಾತ್ರ ಹಾಗೆಯೇ ಇದೆ.

ಸಂಜೆ ದೊಡ್ಡಪ್ಪನ ಮನೆಗೆ ಹೋದೆ. ಅವನು ಜಗಲಿಯ ಮೇಲೆ ಕೂತು ಮುಂದಿನ ವರ್ಷದ ನಿಯಮಗಳನ್ನು ಯೋಚಿಸುತ್ತಿದ್ದ. "ಬಾ, ನೀನು ಕಾನೂನು ಓದ್ದೋಳು. ಹಿಂಗೆ ಓಡಿಹೋಗೋರನ್ನ ಹಿಡಿಯೋಕೆ ಏನಾದ್ರೂ ಬಿಗಿ ಮಾಡ್ಬೇಕು. ಈ ಸಲ ಬಿಗಿ ಸಾಲ್ಲಿಲ್ಲ, ಅದಕ್ಕೇ ಹಿಂಗಾಯ್ತು" ಎಂದ. ನಾನು ಕೊಟ್ಟಿಗೆಯ ಮರಿಗಳ ಕತೆಯನ್ನು ಮೊದಲಿನಿಂದ ಹೇಳಿದೆ. ಮಧ್ಯೆ ಬಾಯಿ ಹಾಕದೆ ಕೇಳಿದ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದ.

"ನನಗ್ಯಾಕೆ ಹೇಳ್ಲಿಲ್ಲ ಅವಳು?" ಎಂದ. ಕನ್ನಡಕ ಮತ್ತೆ ಹಾಕಿಕೊಂಡು, "ಆದ್ರೂ ಊರು ಒಂದ್ಸಲ ತೀರ್ಮಾನ ಮಾಡ್ಬಿಟ್ಟಿದೆ. ನನ್ ತಂಗಿಗೇ ಬಿಟ್ರೆ ನಾಳೆ ಯಾವ ಮುಖ ಇಟ್ಕೊಂಡು..." ಎಂದು ಅಲ್ಲಿಗೆ ನಿಲ್ಲಿಸಿದ.

ಎದುರಿನ ಮನೆಯಲ್ಲಿ ಅತ್ತೆ ಕೊಟ್ಟಿಗೆ ಗುಡಿಸುತ್ತಿದ್ದಳು. ಪೊರಕೆಯ ಸದ್ದು ನಮ್ಮಿಬ್ಬರಿಗೂ ಕೇಳಿಸುತ್ತಿತ್ತು.

"ದೊಡ್ಡಪ್ಪ, ನಾಳೆ ಅತ್ತೆ ತನ್ನ ಹೊಲದ ಬೇಲಿ ತೆಗೆದು ಮಂದೆನ ಒಳಕ್ಕೆ ಕರೆದ್ರೆ, ಅಡ್ಡ ನಿಲ್ಲೋಕೆ ಯಾರನ್ನ ಕಳಿಸ್ತೀಯ? ಇಲ್ಲಾ, ನೀನೇ ಬಂದು ನಿಲ್ತೀಯಾ?"